ಗುರುವಿನ ಕೈಗೆ ಒಂದು ಹಿಡಿ ಕುಸುರೆಳ್ಳು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಸಂಕ್ರಾಂತಿಗೆ ಇನ್ನು ಎಂಟೇ ದಿನ. ನಮ್ಮ ಈ ಭಾಗದಲ್ಲಿ ಅಂದು ಸಾಯಂಕಾಲ ಮಕ್ಕಳು ಕುಸುರೆಳ್ಳಿನ ಡಬ್ಬಿ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಪಾದ ಮುಟ್ಟಿ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಂಗ ಇರೋಣರೀ" ಎನ್ನುತ್ತಾರೆ. ಮರುದಿನ ಶಾಲೆಯಲ್ಲಿ ಗುರುಗಳಿಗೂ ಕೊಡುತ್ತಾರೆ. ಇಂದು ಆ ಡಬ್ಬಿಯ ವಿಷಯವಾಗಿಯೇ ಮಾತನಾಡಬೇಕೆಂದಿದ್ದೇವೆ. ಅದಕ್ಕೊಂದು ಕಾರಣವುಂಟು.

ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5 ನ್ನು 1962 ರಿಂದ ಶಿಕ್ಷಕರ ದಿನವೆಂದು ಆಚರಿಸುತ್ತ ಬಂದಿದ್ದಾರೆ, ಒಳ್ಳೆಯದೇ. ಹೋದ ಸಲ ಆ ದಿನ ಶಾಲೆಯ ಹೊತ್ತಿನಲ್ಲಿ ಒಬ್ಬ ಹುಡುಗ ಶ್ರೀಮಠದ ದನದ ಕೊಟ್ಟಿಗೆಯ ಹಿಂದೆ ಪಾಟಿಚೀಲ ತಬ್ಬಿಕೊಂಡು ಕುಳಿತಿದ್ದ. "ಯಾಕಪ್ಪಾ, ಸಾಲಿ ಇಲ್ಲೇನು?" ಎಂದು ಕೇಳಿದೆವು. "ಐತ್ರೀ ಅಜ್ಜಾರ. ಎಲ್ಲಾರೂ ಐವತ್ತು ರೂಪಾಯಿ ಹಾಕಿ ಸರ್‌ಗೆ ಗಡಿಯಾರ ತಂದಾರ. ನಾ ಕೊಟ್ಟಿಲ್ರೀ" ಎಂದ. ಆ ಗುರುಗಳು ಸಜ್ಜನರು. ಅವರಿಗೆ ಈ ಸಂಗತಿಯೇ ತಿಳಿದಿರಲಿಲ್ಲ. ಗುರುವನ್ನು ಗೌರವಿಸುವ ದಿನವೇ ಶಿಷ್ಯನು ಗುರುವಿಗೆ ಮುಖ ಮರೆಸಿ ಕೂಡುವಂತಾಯಿತಲ್ಲ!

ಪ್ರಶ್ನೋಪನಿಷತ್ತಿನಲ್ಲಿ ಆರು ಜನ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಗಳಲ್ಲಿಗೆ ಹೋಗುತ್ತಾರೆ. ಅವರ ಕೈಯಲ್ಲಿ ಏನಿತ್ತು? ಸಮಿತ್ತು; ಎಂದರೆ ಅಗ್ನಿಗೆ ಹಾಕುವ ಒಣ ಕಟ್ಟಿಗೆ. ಬಡವನ ಮಗ ತಂದ ಕಟ್ಟಿಗೆಯೂ ಸಾಹುಕಾರನ ಮಗ ತಂದ ಕಟ್ಟಿಗೆಯೂ ಒಂದೇ ತೆರನಾಗಿ ಉರಿಯುತ್ತದೆ. ಇನ್ನು ರಘುವಂಶದ ಐದನೆಯ ಸರ್ಗದ ಕೌತ್ಸನನ್ನು ನೋಡಿರಿ. ಗುರು ವರತಂತುಗಳು ಶಿಷ್ಯನ ಸೇವೆಯನ್ನೇ ದಕ್ಷಿಣೆಯೆಂದು ಒಪ್ಪಿಕೊಂಡಿದ್ದರು. ಅವನು ಬಿಡಲಿಲ್ಲ, ಮತ್ತೆ ಮತ್ತೆ ಪೀಡಿಸಿದ. ಸಿಟ್ಟು ಬಂದು, ಕಲಿಸಿದ ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ತಾ ಎಂದರು. ಪಾಠಶಾಲೆಯಲ್ಲಿ ಇದನ್ನು ಓದುವಾಗ ಆ ಧನವನ್ನು ಒದಗಿಸಿದ ರಘು ಮಹಾರಾಜನ ಔದಾರ್ಯವೇ ನಮಗೆ ದೊಡ್ಡದಾಗಿ ಕಂಡಿತ್ತು. ಈಗ ಆ ಗುರುವಿನ ಸಿಟ್ಟು ಕಾಣುತ್ತದೆ.

ಕುಸುರೆಳ್ಳನ್ನು ಈಗ ಅಂಗಡಿಯಿಂದ ಪೊಟ್ಟಣಗಟ್ಟಲೆ ತರುತ್ತಾರೆ. ಮನೆಯಲ್ಲಿ ಮಾಡುವುದು ಎರಡು ಮೂರು ದಿನದ ತಪಸ್ಸು, ನಿಜ. ಬಿಳಿ ಎಳ್ಳನ್ನು ತೊಳೆದು ಒಣಗಿಸಿ, ಅಗಲವಾದ ತಾಟಿನಲ್ಲಿ ಹಾಕಿ ಸಣ್ಣ ಕೆಂಡದ ಮೇಲಿಟ್ಟು, ಸಕ್ಕರೆಯ ಪಾಕವನ್ನು ಒಂದೊಂದೇ ಚಮಚ ಬಿಡುತ್ತ ಬೆರಳಿನಿಂದ ಆಡಿಸುತ್ತಿರಬೇಕು. ಪಾಕ ಹೆಚ್ಚಾಯಿತೋ, ಗಂಟು; ಕಾವು ಹೆಚ್ಚಾಯಿತೋ, ಬಣ್ಣ ಕೆಟ್ಟಿತು. ನಸುಕಿನ ಚಳಿಯಲ್ಲಿ ಕುಳಿತು ಮಾಡಿದರೆ ಕಾಳಿನ ಮೈಮೇಲೆ ಮುಳ್ಳು ಚೆನ್ನಾಗಿ ಏಳುತ್ತವೆ. ದುಡಿದ ಕೈಯೇ ದಾಸೋಹದ ಕೈ ಎಂಬುದನ್ನು ಮಕ್ಕಳಿಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಪೂರ್ವಾಶ್ರಮದಲ್ಲಿ, ಮೂರನೆಯ ಇಯತ್ತೆಯಲ್ಲಿದ್ದಾಗ, ತಾಯಿಯವರ ಪಕ್ಕದಲ್ಲಿ ಕುಳಿತು ಒಂದು ತಾಟು ನಾವೇ ಮಾಡಿದೆವು. ಒಂದು ಕಾಳಿಗೂ ಮುಳ್ಳು ಏಳಲಿಲ್ಲ, ಎಲ್ಲ ಗಂಟುಗಂಟು. ನಾಚಿಕೆಯಿಂದಲೇ ಒಯ್ದು ಕೊಟ್ಟೆವು. ಗುರುಗಳು ಒಂದು ಗಂಟನ್ನು ಕಟಕ್ಕನೆ ಕಡಿದು, "ಇದನ್ನ ಯಾರು ಮಾಡ್ಯಾರೋ?" ಎಂದರು. "ನಾನರೀ." ಅವರು ಮತ್ತೇನೂ ಅನ್ನಲಿಲ್ಲ. ಮೇಜಿನ ಮೇಲಿದ್ದ ಚಂದದ ಕುಸುರೆಳ್ಳನ್ನು ತರಗತಿಗೆಲ್ಲ ಹಂಚಿ, ನಮ್ಮ ಗಂಟುಗಳನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರು.

ತಾಯಂದಿರೆ, ಮಗನ ಹೆಸರಿನಲ್ಲಿ ನೀವೇ ಮಾಡಿ ಕಳಿಸಬೇಡಿರಿ. ಶಾಲೆಯಲ್ಲಿ ಕೊಟ್ಟ ಚಿತ್ರದ ಕೆಲಸವನ್ನು ರಾತ್ರಿ ಕುಳಿತು ಮಾಡಿಕೊಡುವವರು ಯಾರೆಂಬುದು ನಮಗೂ ಗೊತ್ತು! ಕೆಂಡದ ಹತ್ತಿರ ನೀವಿರಿ, ಬೆರಳು ಅವನದಾಗಿರಲಿ.

ನಾಡಿದ್ದಿನಿಂದ ಮೂರು ದಿನ ನಸುಕಿನಲ್ಲಿ ಶ್ರೀಮಠದ ದಾಸೋಹ ಮನೆಯಲ್ಲಿ ಒಲೆ ಹೊತ್ತಿಸಲು ಹೇಳಿದ್ದೇವೆ. ಎಳ್ಳು, ಸಕ್ಕರೆ ಮಠದ್ದು. ಯಾವ ಮನೆಯ ಮಗುವಾದರೂ ಬರಲಿ, ಒಂದು ಸಣ್ಣ ಡಬ್ಬಿ ತಂದರೆ ಸಾಕು. ಕೊಟ್ಟಿಗೆಯ ಹಿಂದೆ ಕುಳಿತಿದ್ದ ಆ ಹುಡುಗ ನಿನ್ನೆಯೇ ಬಂದು ಎಳ್ಳು ತೊಳೆದು ಹೋಗಿದ್ದಾನೆ.