ಧರ್ಮಪಾಠಕ್ಕೆ ಮೊಬೈಲು



ಫ. ಗು. ಹಳಕಟ್ಟಿಯವರು ಮನೆ ಮನೆ ಅಲೆದು ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅಂದು ಗರಿಯಿಂದ ಕಾಗದಕ್ಕೆ ಬಂದ ವಚನ ಇಂದು ಮೊಬೈಲಿಗೂ ಬಂದಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಪದವನ್ನು ಹುಡುಕಿದರೆ, ಆ ಪದವುಳ್ಳ ವಚನಗಳು ಕಣ್ಣಮುಂದೆ ನಿಲ್ಲುತ್ತವೆ.

ಆದರೆ ನಾರಾಯಣಗೂಡದ ನಮ್ಮ ಮನೆಗಳ ಸ್ಥಿತಿಯೇನು? ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ತೆಲುಗು ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲರಿಯರು. ಮೊಬೈಲು ವಚನವನ್ನು ಹಾಡುತ್ತದೆ, ಮಗು ಕೇಳಿ ಬಾಯಿಪಾಠ ಒಪ್ಪಿಸುತ್ತದೆ, ನಾವು ಹಿಗ್ಗುತ್ತೇವೆ. ಅಕ್ಷರ ಮಾತ್ರ ಒಂದೇ ತಲೆಮಾರಿನಲ್ಲಿ ಮನೆ ಬಿಟ್ಟು ಹೋಗುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನಾವು ಬಲ್ಲೆವು: ತಿಜೋರಿ ತುಂಬಿದ್ದರೂ ಬೀಗದ ಕೈ ಇಲ್ಲದವನಿಗೆ ಅದು ಬರಿಯ ಗೋಡೆ.

ತೆಲುಗು ಲಿಪಿ ಬಲ್ಲ ಮಗುವಿಗೆ ಕನ್ನಡ ಲಿಪಿ ದೂರವಲ್ಲ. ಎರಡೂ ಒಂದೇ ಬಳ್ಳಿಯ ಕಾಯಿಗಳು. ಭಾನುವಾರ ಅರ್ಧ ಗಂಟೆ ಸಾಕು. ಮಗು ಒಂದು ಪದವನ್ನು ಹುಡುಕಲಿ. ಅಜ್ಜಿ ಅರ್ಥ ಹೇಳಲಿ. ಮಗು ಆ ವಚನವನ್ನು ಪಟ್ಟಿಯಲ್ಲಿ ಕೈಯಾರೆ ಬರೆಯಲಿ. ಬಳಿಕ ಮೊಬೈಲು ಬದಿಗಿರಲಿ. ಅದು ವಚನವನ್ನು ತಂದುಕೊಡಬಲ್ಲುದು. ಅದರಂತೆ ನಡೆದು ತೋರಿಸಬೇಕಾದವರು ನಾವೇ.