ಕೇಳುವ ಹಕ್ಕಿಗೆ ವಯಸ್ಸಿನ ಮಿತಿಯೇ?

(ತುಮಕೂರು ನಗರದಲ್ಲಿ ಗುಬ್ಬಿ ಹಾಗೂ ಕುಣಿಗಲ್ ತಾಲೂಕುಗಳ ಶ್ರೋತೃಗಳೂ ಭಾಗವಹಿಸಿದ್ದ ಸಾರ್ವಜನಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಣ್ಣು ಕಾಣದವರನ್ನು ಕಂಡರೆ ನಮ್ಮ ಸಮಾಜ ಮರುಗುತ್ತದೆ. ಕಿವಿ ಕೇಳದವರನ್ನು ಕಂಡರೆ ನಗುತ್ತದೆ. ನಾಟಕದಲ್ಲಾಗಲೀ ಸಿನಿಮಾದಲ್ಲಾಗಲೀ ಕಿವುಡನ ಪಾತ್ರವೊಂದು ಬಂತೆಂದರೆ ಅದು ಹಾಸ್ಯಕ್ಕೆಂದೇ ಬಂದಿದೆ ಎಂದು ಪ್ರೇಕ್ಷಕರು ತಿಳಿಯುತ್ತಾರೆ. ‘ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ’ ಎಂಬ ಗಾದೆಯನ್ನು ನಾವು ಯಾವ ಅಳುಕೂ ಇಲ್ಲದೆ ಬಳಸುತ್ತೇವೆ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಐವತ್ತು ಲಕ್ಷಕ್ಕೂ ಅಧಿಕ. ಇಷ್ಟೊಂದು ಜನರ ಕೊರತೆಯನ್ನು ನಗೆಯ ಸರಕಾಗಿ ಮಾಡಿಕೊಂಡಿರುವ ಸಮಾಜವು ಅವರಿಗಾಗಿ ಗಂಭೀರವಾದ ಯೋಜನೆಯನ್ನು ರೂಪಿಸೀತೆಂದು ನಿರೀಕ್ಷಿಸುವುದಾದರೂ ಹೇಗೆ?

ಇಂದು ನಾನು ಮಾತನಾಡಬಯಸುವುದು ಈ ಐವತ್ತು ಲಕ್ಷದಲ್ಲಿ ಒಂದು ನಿರ್ದಿಷ್ಟ ವರ್ಗದ ಬಗ್ಗೆ. ಹುಟ್ಟುವಾಗ ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಮಾತು ಕಲಿತರು, ಶಾಲೆಗೆ ಹೋದರು, ದುಡಿಮೆ ಆರಂಭಿಸಿದರು, ಸಂಸಾರ ಹೂಡಿದರು. ಆ ಬಳಿಕ ಮಿದುಳುಪೊರೆಯ ಉರಿಯೂತದಿಂದಲೋ, ಕ್ಷಯರೋಗಕ್ಕೆ ಚುಚ್ಚಿದ ಸ್ಟ್ರೆಪ್ಟೊಮೈಸಿನ್, ಕನಾಮೈಸಿನ್‌ನಂಥ ಔಷಧಗಳ ಅಡ್ಡಪರಿಣಾಮದಿಂದಲೋ, ರಸ್ತೆ ಅಪಘಾತದಲ್ಲಿ ತಲೆಗಾದ ಪೆಟ್ಟಿನಿಂದಲೋ ಎರಡೂ ಕಿವಿಗಳ ಶ್ರವಣಶಕ್ತಿಯನ್ನು ಕಳೆದುಕೊಂಡರು. ಶಬ್ದವನ್ನು ದೊಡ್ಡದು ಮಾಡಿ ಕೇಳಿಸುವ ಸಾಮಾನ್ಯ ಶ್ರವಣಸಾಧನ ಇಂಥವರಲ್ಲಿ ಅನೇಕರ ಪ್ರಯೋಜನಕ್ಕೆ ಬರುವುದಿಲ್ಲ. ಇವರಿಗೆ ವಿಜ್ಞಾನ ಕಂಡುಕೊಂಡ ದಾರಿಯೇ ಕಾಕ್ಲಿಯರ್ ಇಂಪ್ಲಾಂಟ್.

ಈ ಸಾಧನದ ಇತಿಹಾಸ ಗಮನಾರ್ಹವಾದುದು. 1957ರಲ್ಲಿ ಪ್ಯಾರಿಸ್‌ನ ಜೂರ್ನೊ ಮತ್ತು ಎರಿಯೆಸ್ ಎಂಬಿಬ್ಬರು, ಕಿವುಡನಾಗಿದ್ದ ಓರ್ವ ವಯಸ್ಕನ ಶ್ರವಣ ನರಕ್ಕೆ ವಿದ್ಯುತ್ ಪ್ರಚೋದನೆ ನೀಡಿ ಶಬ್ದದ ಅನುಭವ ಮೂಡಿಸಿದರು. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಈ ಪ್ರಯತ್ನವನ್ನು ಮುಂದುವರಿಸಿದರು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆ ಸಣ್ಣ ಊರಿನ ಔಷಧದಂಗಡಿಯ ಮಾಲಕ. ಅವರಿಗೆ ಕಿವಿ ಮಂದ. ಬಂದ ಗ್ರಾಹಕರಿಗೆ ‘ಗಟ್ಟಿಯಾಗಿ ಹೇಳಿ’ ಎನ್ನಬೇಕಾದಾಗ ಉಂಟಾಗುತ್ತಿದ್ದ ಮುಜುಗರವನ್ನು ನೋಡುತ್ತಾ ಬೆಳೆದ ಮಗ ವೈದ್ಯನಾಗಿ ಈ ಸಂಶೋಧನೆಗೆ ತನ್ನನ್ನು ಮುಡಿಪಾಗಿಟ್ಟರು. 1978ರಲ್ಲಿ ಮೆಲ್ಬೋರ್ನ್‌ನಲ್ಲಿ ಅವರು ಹಲವು ಇಲೆಕ್ಟ್ರೋಡ್‌ಗಳ ಸಾಧನವನ್ನು ಅಳವಡಿಸಿದ್ದು, ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡಿದ್ದ ಮಧ್ಯವಯಸ್ಕನೊಬ್ಬನಿಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1984ರಲ್ಲಿ ಈ ಸಾಧನಕ್ಕೆ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿದ್ದೂ ವಯಸ್ಕರಿಗೇ. ಮಕ್ಕಳಿಗೆ ಒಪ್ಪಿಗೆ ದೊರೆತದ್ದು 1990ರಲ್ಲಿ. ಅಂದರೆ ಈ ಸಾಧನ ಹುಟ್ಟಿದ್ದೇ ದುಡಿಯುವ ವಯಸ್ಸಿನಲ್ಲಿ ಕಿವುಡರಾದವರಿಗಾಗಿ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಕೇಂದ್ರ ಸರಕಾರದ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ಒಂದು ಕಾಕ್ಲಿಯರ್ ಇಂಪ್ಲಾಂಟ್‌ಗೆ ಆರು ಲಕ್ಷ ರೂಪಾಯಿಗಳ ಮಿತಿ ನಿಗದಿಯಾಯಿತು. ಆದರೆ ಅದು ಮಕ್ಕಳಿಗೆ. ಹದಿನೆಂಟು ದಾಟಿದವರಿಗೆ ಅಲ್ಲಿ ಅವಕಾಶವಿಲ್ಲ. ಕರ್ನಾಟಕ ಸರಕಾರದ ‘ಶ್ರವಣ ಸಂಜೀವಿನಿ’ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗೆ. ಈ ಯೋಜನೆಗಳು ಒಳ್ಳೆಯವು. ಹುಟ್ಟು ಕಿವುಡು ಮಗುವಿಗೆ ಮಾತು ಕಲಿಯುವ ವಯಸ್ಸಿನಲ್ಲೇ ಶ್ರವಣ ದೊರೆಯಬೇಕು, ಅದಕ್ಕೆ ಆದ್ಯತೆ ಕೊಟ್ಟದ್ದು ಸರಿಯೇ. ಆದರೆ ಆದ್ಯತೆ ಬೇರೆ, ಬಹಿಷ್ಕಾರ ಬೇರೆ. ಮೂವತ್ತೈದು ವರ್ಷದ ಬಸ್ ಚಾಲಕನೋ, ಟೈಲರ್ ಆಗಿರುವ ತಾಯಿಯೋ ಕಿವುಡರಾದರೆ ಒಂದು ಇಡೀ ಕುಟುಂಬದ ಅನ್ನಕ್ಕೆ ಕುತ್ತು ಬರುತ್ತದೆ. ಈ ಎರಡು ಯೋಜನೆಗಳ ಬಾಗಿಲೂ ಅಂಥವರಿಗೆ ಮುಚ್ಚಿದೆ. ಬ್ರಿಟನ್ನಿನಲ್ಲಿ 2009ರ ಮಾರ್ಗಸೂಚಿಯ ಕಾಲದಿಂದಲೂ ಅರ್ಹ ವಯಸ್ಕರಿಗೆ ಕನಿಷ್ಠ ಒಂದು ಕಿವಿಗೆ ಸರಕಾರಿ ವೆಚ್ಚದಲ್ಲಿಯೇ ಇಂಪ್ಲಾಂಟ್ ದೊರೆಯುತ್ತದೆ. ನಾವು ಎರಡು ಕಿವಿಯನ್ನು ಕೇಳುತ್ತಿಲ್ಲ, ಒಂದನ್ನಷ್ಟೇ ಕೇಳುತ್ತಿದ್ದೇವೆ.

ಸಹೋದರರೇ, ಬೇಡಿಕೆ ಇಡುವ ಮುನ್ನ ಈ ಸಾಧನ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ನಾವು ಅರಿತಿರಬೇಕು. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾಗಿರುವ ಭಾಗವೇ ಕಾಕ್ಲಿಯಾ. ಅದರೊಳಗಿನ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ಗ್ರಹಿಸಿ ನರಕ್ಕೆ ಮುಟ್ಟಿಸುತ್ತವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಂಪ್ಲಾಂಟ್‌ನಲ್ಲಿ ಕಿವಿಯ ಹಿಂದೆ ಧರಿಸುವ ಮೈಕ್ ಮತ್ತು ಯಂತ್ರ ಹೊರಗಿರುತ್ತದೆ. ಚರ್ಮದಡಿಯ ಗ್ರಾಹಕ ಹಾಗೂ ಕಾಕ್ಲಿಯಾದೊಳಗೆ ತೂರಿಸಿದ ಇಲೆಕ್ಟ್ರೋಡ್‌ಗಳ ತಂತಿ ಒಳಗಿರುತ್ತದೆ. ಇಲೆಕ್ಟ್ರೋಡ್‌ಗಳ ಸಂಖ್ಯೆ ಹೆಚ್ಚೆಂದರೆ ಇಪ್ಪತ್ತರ ಆಸುಪಾಸು. ಹದಿನೈದು ಸಾವಿರ ಕೋಶಗಳ ಕೆಲಸವನ್ನು ಇಷ್ಟು ಇಲೆಕ್ಟ್ರೋಡ್‌ಗಳಿಗೆ ವಹಿಸಿದಾಗ ಹಳೆಯ ಶ್ರವಣ ಯಥಾವತ್ತಾಗಿ ಮರಳುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಬಳಿಕ ಯಂತ್ರವನ್ನು ಚಾಲೂ ಮಾಡಿದ ದಿನ ಹೆಂಡತಿಯ ಧ್ವನಿಯೂ ಅನೇಕರಿಗೆ ಯಂತ್ರದ ಚೀರಾಟದಂತೆ ಕೇಳುತ್ತದೆ. ಮಿದುಳು ಈ ಹೊಸ ಸಂಕೇತವನ್ನು ಹಳೆಯ ಮಾತಿನ ನೆನಪಿನೊಂದಿಗೆ ಹೊಂದಿಸಿಕೊಳ್ಳಲು ತಿಂಗಳುಗಳು ಬೇಕು. ‘ಕಾಲು’, ‘ಪಾಲು’, ‘ತಾಳು’ ಎಂಬ ಪದಗಳು ಆರಂಭದಲ್ಲಿ ಒಂದೇ ರೀತಿ ಕೇಳಿಸಿಯಾವು. ಎದುರಿನವರ ತುಟಿಯನ್ನು ನೋಡಿದಾಗಷ್ಟೇ ‘ಪಾಲು’ ಬೇರೆಯಾಗುತ್ತದೆ. ಮೊದಲ ಒಂದು ವರ್ಷದಲ್ಲಿ ಸುಧಾರಣೆ ಹೆಚ್ಚು. ಮೌನವಾದ ಕೋಣೆಯಲ್ಲಿ ಒಬ್ಬರೊಡನೆ ಮಾತು ಸಲೀಸಾಗುತ್ತದೆ, ಹಲವರಿಗೆ ಫೋನಿನ ಮಾತೂ ಸಾಧ್ಯವಾಗುತ್ತದೆ. ಸಂತೆಯ ಗದ್ದಲದಲ್ಲಿ ಮಾತು ಹಿಡಿಯುವುದು ಮತ್ತು ಸಂಗೀತವನ್ನು ಆಸ್ವಾದಿಸುವುದು ಕಷ್ಟವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹುಟ್ಟಿನಿಂದಲೇ ಕಿವುಡರಾಗಿದ್ದು, ಮಾತಿನ ಅನುಭವವಿಲ್ಲದೆ ಬೆಳೆದ ವಯಸ್ಕರಿಗೆ ಈ ಸಾಧನದಿಂದ ಮಾತನ್ನು ಅರ್ಥೈಸುವ ಶಕ್ತಿ ಸಾಮಾನ್ಯವಾಗಿ ಸೀಮಿತವಾಗಿಯೇ ಬರುತ್ತದೆ. ಅಂಥವರ ಮನೆಯವರಿಗೆ ಸುಳ್ಳು ಆಸೆ ಹುಟ್ಟಿಸಿ ಹೊಲ ಮಾರಿಸುವುದು ಅನ್ಯಾಯ. ಅವರ ಭಾಷೆ ಸಂಜ್ಞಾ ಭಾಷೆ. ಅದರ ಬೆಳವಣಿಗೆಗಾಗಿ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಗಿದೆ. ಅವರಿಗೆ ಬೇಕಾದದ್ದು ಸಂಜ್ಞೆ ಬಲ್ಲ ಶಿಕ್ಷಕರು, ದುಭಾಷಿಗಳು ಮತ್ತು ಉದ್ಯೋಗ.

ಹಾಗಾದರೆ ಇಂಪ್ಲಾಂಟ್ ಯಶಸ್ವಿಯಾಯಿತೆಂದು ಹೇಳುವುದು ಯಾವಾಗ? ಪರೀಕ್ಷಾ ಕೊಠಡಿಯಲ್ಲಿ ನೂರು ಪದಗಳಲ್ಲಿ ಎಷ್ಟನ್ನು ಸರಿಯಾಗಿ ಹೇಳಿದರು ಎಂಬ ಅಂಕ ಒಂದು ಅಳತೆ. ಆದರೆ 2000ದಲ್ಲಿ ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಸಿದ್ಧವಾದ, ಇಂದಿಗೂ ಬಳಕೆಯಲ್ಲಿರುವ ಪ್ರಶ್ನಾವಳಿಯೊಂದು ಶ್ರವಣ ಮತ್ತು ಮಾತಿನ ಜತೆಗೆ ಆತ್ಮಗೌರವ, ದೈನಂದಿನ ಚಟುವಟಿಕೆ, ಜನರೊಡನೆ ಒಡನಾಟ ಇವುಗಳನ್ನೂ ವಿಚಾರಿಸುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪದ ಪರೀಕ್ಷೆಯ ಅಂಕಕ್ಕೂ ಬದುಕಿನ ಗುಣಮಟ್ಟಕ್ಕೂ ಇರುವ ಸಂಬಂಧ ತೀರಾ ದುರ್ಬಲವೆಂದು ಕಂಡುಬಂತು. ಹೆಚ್ಚು ಅಂಕ ಪಡೆದವನು ಮನೆಯಲ್ಲಿ ಒಂಟಿಯಾಗಿ ಕೂತಿರಬಹುದು. ಕಡಿಮೆ ಅಂಕ ಪಡೆದವಳು ತನ್ನ ಅಂಗಡಿಗೆ ಮರಳಿ ನೆಮ್ಮದಿಯಾಗಿರಬಹುದು. ಆಸ್ಪತ್ರೆಯಿಂದ ಹೊರಬಂದ ಮೇಲೆ ಮನೆ ಮತ್ತು ಊರು ಅವರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದರ ಮೇಲೂ ಬದುಕು ನಿಂತಿದೆ.

ಇದನ್ನು ನಮ್ಮ ಜಿಲ್ಲೆಗೆ ಅನ್ವಯಿಸಿ ನೋಡೋಣ. ಯಂತ್ರವನ್ನು ಆಯಾ ವ್ಯಕ್ತಿಯ ನರಕ್ಕೆ ಹೊಂದುವಂತೆ ಸರಿಪಡಿಸುವುದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಮೊದಲ ವರ್ಷ ಅದನ್ನು ಹಲವು ಬಾರಿ ಮಾಡಿಸಬೇಕು, ನಂತರವೂ ಬಿಡುವಂತಿಲ್ಲ. ಗುಬ್ಬಿಯ ಕೂಲಿಕಾರನೊಬ್ಬ ಅದಕ್ಕಾಗಿ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಜತೆಗೆ ಬರುವವನ ಕೂಲಿಯೂ ಹೋಗುತ್ತದೆ, ಪ್ರಯಾಣದ ಖರ್ಚು ಬೇರೆ. ಬ್ಯಾಟರಿ ಮುಗಿಯುತ್ತದೆ, ತಂತಿ ತುಂಡಾಗುತ್ತದೆ, ಬೆವರಿಗೆ ಯಂತ್ರ ಕೆಡುತ್ತದೆ. ಕೆಲವು ವರ್ಷಗಳಲ್ಲಿ ಹೊರಗಿನ ಯಂತ್ರವನ್ನೇ ಬದಲಿಸಬೇಕಾಗುತ್ತದೆ, ಅದರ ಬೆಲೆ ಲಕ್ಷಗಳಲ್ಲಿದೆ. ಬಿಡಿಭಾಗ ಕೊಳ್ಳಲಾಗದೆ ಯಂತ್ರವನ್ನು ಕಪಾಟಿನಲ್ಲಿಟ್ಟ ದಿನ ಆ ವ್ಯಕ್ತಿ ಮತ್ತೆ ಪೂರ್ಣ ಕಿವುಡ. ಆದುದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಮಾತು ಬಲ್ಲ ವಯಸ್ಕರು ಕಿವುಡರಾದಾಗ ಕನಿಷ್ಠ ಒಂದು ಕಿವಿಗೆ ಸರಕಾರಿ ನೆರವು. ಎರಡು, ಬ್ಯಾಟರಿ, ತಂತಿ ಮತ್ತು ಯಂತ್ರದ ಬದಲಾವಣೆಯನ್ನೂ ಯೋಜನೆಯ ಭಾಗವಾಗಿಸುವುದು. ಮೂರು, ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ನಿಗದಿತ ದಿನಗಳಲ್ಲಿ ಮ್ಯಾಪಿಂಗ್. ದೂರದಲ್ಲಿರುವ ಶ್ರವಣತಜ್ಞರು ಇಂಟರ್ನೆಟ್ ಮೂಲಕವೇ ಇದನ್ನು ಮಾಡುವ ತಂತ್ರಜ್ಞಾನ ಬಳಕೆಯಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ನಾಡಿನಲ್ಲೇ ಇದೆ. ಅಂಥ ಸಂಸ್ಥೆಯ ಜ್ಞಾನ ಕುಣಿಗಲ್‌ನ ತನಕ ಬರಲು ಅಸಾಧ್ಯವೇನಲ್ಲ.

ಕಾನೂನಿನ ಬಗ್ಗೆಯೂ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರಕಾರಿ ಹುದ್ದೆಗಳಲ್ಲಿ ಕಿವುಡರಿಗೆ ಮತ್ತು ಮಂದಶ್ರವಣದವರಿಗೆ ಶೇಕಡಾ ಒಂದರಷ್ಟು ಮೀಸಲಾತಿ ನೀಡಿದೆ. ‘ನಿನಗೀಗ ಯಂತ್ರವಿದೆಯಲ್ಲ, ನೀನೆಲ್ಲಿಯ ಕಿವುಡ?’ ಎಂದು ಕೇಳುವವರಿದ್ದಾರೆ. ರಾತ್ರಿ ಯಂತ್ರ ಕಳಚಿಟ್ಟರೆ ಬಾಗಿಲು ಬಡಿದದ್ದೂ ಮಗು ಅತ್ತದ್ದೂ ಅವರಿಗೆ ಕೇಳುವುದಿಲ್ಲ ಎಂಬುದು ಇಂಥವರಿಗೆ ತಿಳಿಯದು.

ಸರಕಾರಕ್ಕೆ ಹೇಳಬೇಕಾದಷ್ಟೇ ನಮಗೆ ನಾವೂ ಹೇಳಿಕೊಳ್ಳಬೇಕಾದದ್ದಿದೆ. ಮಿದುಳುಪೊರೆಯ ಉರಿಯೂತದಿಂದ ಕಿವಿ ಹೋದರೆ ಕಾಕ್ಲಿಯಾದೊಳಗೆ ಮೂಳೆ ಬೆಳೆಯಬಹುದು. ತಡವಾದರೆ ಇಲೆಕ್ಟ್ರೋಡ್ ತೂರಿಸಲು ಜಾಗವೇ ಇರುವುದಿಲ್ಲ. ಯಾವುದೇ ಕಾರಣಕ್ಕೆ ಕಿವಿ ಹಠಾತ್ತನೆ ಮಂದವಾದರೆ ದಿನಗಳೊಳಗೆ ತಜ್ಞರನ್ನು ಕಾಣಬೇಕು. ನಾವಾದರೋ ಎಣ್ಣೆ ಬಿಟ್ಟು, ತಾಯಿತ ಕಟ್ಟಿ ತಿಂಗಳುಗಳನ್ನು ಕಳೆಯುತ್ತೇವೆ. ಹೆಣ್ಣುಮಗಳಾದರಂತೂ ಮದುವೆ ಸಂಬಂಧ ತಪ್ಪೀತೆಂದು ಮುಚ್ಚಿಡುತ್ತೇವೆ. ಇಂಪ್ಲಾಂಟ್ ಆದ ಮೇಲೂ ಯಂತ್ರ ಯಾರಿಗೂ ಕಾಣಬಾರದೆಂದು ಸೆರಗನ್ನೋ ದುಪಟ್ಟಾವನ್ನೋ ದಪ್ಪಗೆ ಹೊದೆಸುತ್ತೇವೆ. ಮೈಕ್ ಮುಚ್ಚಿದರೆ ಮಾತಿನ ಬದಲು ಬಟ್ಟೆಯ ಸರಪರ ಸದ್ದೇ ಆಕೆಗೆ ಕೇಳಿಸುತ್ತದೆ. ತೆಳು ಬಟ್ಟೆ ಧರಿಸಿದರೆ ಅಥವಾ ಮೈಕ್‌ನ ಜಾಗವನ್ನು ತುಸು ಸಡಿಲ ಬಿಟ್ಟರೆ ಮರ್ಯಾದೆಗೂ ಕುಂದಿಲ್ಲ, ಶ್ರವಣಕ್ಕೂ ತೊಂದರೆಯಿಲ್ಲ.

ಗುಬ್ಬಿಯ ನಾಟಕ ಕಂಪನಿ 1884ರಲ್ಲಿ ಆರಂಭವಾದಾಗ ಮೈಕ್ ಇರಲಿಲ್ಲ. ನಟರು ಪ್ರೇಕ್ಷಕರಿಗೆ ಮುಖ ಕೊಟ್ಟು, ಪದಗಳನ್ನು ಬಿಡಿಸಿ ನುಡಿದು ಕೊನೆಯ ಸಾಲಿಗೂ ಮಾತು ಮುಟ್ಟಿಸಬೇಕಿತ್ತು. ಇಂಪ್ಲಾಂಟ್ ಧರಿಸಿದವರೊಡನೆ ಮಾಡಬೇಕಾದದ್ದೂ ಅಷ್ಟೇ. ಕಿರುಚಬೇಡಿ. ಎದುರಿಗೆ ಕೂತು, ಬಾಯಿಗೆ ಕೈ ಅಡ್ಡ ಹಿಡಿಯದೆ, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ. ಟಿವಿಯ ಸದ್ದು ತಗ್ಗಿಸಿ. ‘ಏನಂದಿರಿ?’ ಎಂದು ಕೇಳಿದಾಗ ‘ಏನಿಲ್ಲ ಬಿಡಿ’ ಎನ್ನಬೇಡಿ. ಆ ಎರಡು ಪದಗಳು ಅವರನ್ನು ಮನೆಯ ಮಾತಿನಿಂದಲೇ ಹೊರಗಿಡುತ್ತವೆ.

ಮಸೀದಿ, ಮಠ, ಚರ್ಚುಗಳ ಆಡಳಿತ ಸಮಿತಿಗಳಲ್ಲಿ, ಯುವಕ ಸಂಘಗಳಲ್ಲಿ ನನ್ನದೊಂದು ವಿನಂತಿ. ಶಸ್ತ್ರಚಿಕಿತ್ಸೆಗೆ ಹಣ ಸಂಗ್ರಹಿಸಿ ಭಾವಚಿತ್ರ ತೆಗೆಸಿಕೊಳ್ಳುವವರು ಸಿಗುತ್ತಾರೆ. ಎರಡು ವರ್ಷಗಳ ಬಳಿಕ ಬ್ಯಾಟರಿ ಕೊಡಿಸುವವರು ಸಿಗುವುದಿಲ್ಲ. ನಿಮ್ಮ ಮೊಹಲ್ಲಾದಲ್ಲಿ, ನಿಮ್ಮ ಬೀದಿಯಲ್ಲಿ ಕಿವಿ ಕಳೆದುಕೊಂಡು ಮೂಲೆ ಸೇರಿರುವ ವಯಸ್ಕರು ಎಷ್ಟು ಜನರಿದ್ದಾರೆಂದು ಈ ತಿಂಗಳು ಪಟ್ಟಿ ಮಾಡಿ. ಅವರನ್ನು ಜಿಲ್ಲಾಸ್ಪತ್ರೆಯ ಕಿವಿ ವಿಭಾಗಕ್ಕೆ ಕರೆದೊಯ್ಯಿರಿ, ವಿಕಲಚೇತನರ ಗುರುತಿನ ಚೀಟಿ ಮಾಡಿಸಿಕೊಡಿ. ಇ.ಎಸ್.ಐ. ಸೌಲಭ್ಯ ಇರುವವರಾದರೆ ಅಲ್ಲಿ ವಿಚಾರಿಸಿ. ಆ ಪಟ್ಟಿಯನ್ನು ಹಿಡಿದುಕೊಂಡು ನಮ್ಮ ಶಾಸಕರ ಮುಂದೆ ಹೋಗೋಣ. ಹೆಸರು, ವಯಸ್ಸು, ಉದ್ಯೋಗ, ಮನೆಯಲ್ಲಿ ಅವರನ್ನು ನಂಬಿದವರೆಷ್ಟು ಎಂಬ ವಿವರಗಳಿರುವ ಪಟ್ಟಿಯನ್ನು ಯಾವ ಪ್ರತಿನಿಧಿಯೂ ಸುಲಭವಾಗಿ ತಳ್ಳಿಹಾಕಲಾರ. ಆ ಕೆಲಸ ಗುಬ್ಬಿಯಿಂದಲೂ ಕುಣಿಗಲ್‌ನಿಂದಲೂ ಆರಂಭವಾಗಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.