ಗುಳಿಗೆ ಇನ್ನು ಮೂರೇ ಅಡಿ

ಮೈಸೂರು ಯಾದವಗಿರಿಯ ಆಕಾಶವಾಣಿಯಿಂದ ಗಾಲ್ಫ್ ಬಗ್ಗೆ ಮಾತಾಡಲಿಕ್ಕಿದೆ ಅಂದಾಗ ಗೆಳೆಯರೊಬ್ಬರು, “ಅದು ನಮ್ಮಂಥವರ ಆಟವೇನ್ರೀ?” ಅಂತ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ರೇಸ್‌ಕೋರ್ಸಿನ ಮಗ್ಗುಲಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಬೇಲಿಯ ಈಚೆ ನಿಂತು ಅದನ್ನು ನೋಡಿದ ಮೈಸೂರಿಗರು ಬಹಳ, ಒಳಗೆ ಹೋಗಿ ಆಡಿದವರು ಕಡಿಮೆ. ಸದಸ್ಯತ್ವ, ಕೋಲುಗಳ ಸೆಟ್ಟು, ಅದರ ಚೀಲ ಹೊರುವ ಕ್ಯಾಡಿ ಅಂತ ಎಲ್ಲಕ್ಕೂ ದುಡ್ಡು ಬೇಕು. ಆದರೆ ಈ ಆಟದಲ್ಲಿ ಒಂದು ಭಾಗವನ್ನು ಮಾತ್ರ ಮನೆಯ ಹಜಾರದಲ್ಲೇ ಕಲಿಯಬಹುದು. ಅದೇ ಪಟ್ಟಿಂಗ್. ಚೆಂಡು ಗ್ರೀನ್, ಅಂದರೆ ಗುಳಿಯ ಸುತ್ತಲಿನ ನಯವಾದ ಹುಲ್ಲಿನ ಹಾಸು, ತಲುಪಿದ ಮೇಲೆ ಅದನ್ನು ನೆಲದ ಮೇಲೇ ಉರುಳಿಸಿ ಗುಳಿಗೆ ಬೀಳಿಸುವ ಕೆಲಸ.

18 ಗುಳಿಗಳ ಅಂಕಣದಲ್ಲಿ ಸಾಮಾನ್ಯವಾಗಿ 72 ಹೊಡೆತಗಳ ಲೆಕ್ಕ. ಅದರಲ್ಲಿ ಪ್ರತಿ ಗುಳಿಗೆ ಎರಡರಂತೆ 36 ಹೊಡೆತ ಪಟ್ಟಿಂಗಿಗೇ ಮೀಸಲು. ಕಾಗದದ ಮೇಲೆ ಅರ್ಧ ಆಟ ಇದೇ. ಆದರೂ ಇದನ್ನು ಕೂತು ಕಲಿಯಬೇಕು, ಅಭ್ಯಾಸ ಮಾಡಬೇಕು ಅನ್ನುವ ಯೋಚನೆ ಬಂದದ್ದು ಬಹಳ ತಡವಾಗಿ. ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲೇ ಗಾಲ್ಫನ್ನು ನಿಷೇಧಿಸಿತ್ತು. ಜನ ಬಿಲ್ವಿದ್ಯೆ ಬಿಟ್ಟು ಈ ಆಟಕ್ಕೆ ಬಿದ್ದರು ಅನ್ನುವುದು ದೊರೆಯ ತಕರಾರು. ಅಷ್ಟು ಹಳೆಯ ಆಟದಲ್ಲಿ ಗುಳಿಗೊಂದು ನಿಶ್ಚಿತ ಅಳತೆ ಬರಲು 1891ರ ತನಕ ಕಾಯಬೇಕಾಯಿತು. ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಅದಕ್ಕೆ ಮೊದಲು ಒಂದೊಂದು ಊರಲ್ಲಿ ಒಂದೊಂದು ಗಾತ್ರ. ಗುರಿಗೇ ಅಳತೆ ಇಲ್ಲದ ಕಡೆ ನಿಖರತೆ ಎಲ್ಲಿಂದ ಬರಬೇಕು?

ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. ಪಟ್ಟಿಂಗನ್ನೇ ಇಡೀ ಆಟವಾಗಿ ಮಾಡಿಕೊಂಡ ಮೊದಲಿಗರು ಹೆಂಗಸರು. ಅದನ್ನು ಅವರೇನೂ ಬಯಸಿ ಆರಿಸಿಕೊಂಡಿರಲಿಲ್ಲ. ಹೆಣ್ಣುಮಕ್ಕಳು ಕೋಲನ್ನು ಭುಜದಿಂದ ಮೇಲೆ ಬೀಸುವುದು ಮರ್ಯಾದೆಯಲ್ಲ ಅಂತ ಆ ಕಾಲದ ಸಮಾಜ ತೀರ್ಮಾನ ಮಾಡಿಬಿಟ್ಟಿತ್ತು. ಹಾಗಾಗಿ 1867ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೆಂಗಸರಿಗೆಂದೇ ಒಂದು ಪಟ್ಟಿಂಗ್ ಕ್ಲಬ್ ಹುಟ್ಟಿತು. ಅಲ್ಲಿನ ಹೆಸರಾಂತ ಆಟಗಾರ ಓಲ್ಡ್ ಟಾಮ್ ಮಾರಿಸ್ ಅದಕ್ಕೊಂದು ಅಂಕಣ ಹಾಕಿಕೊಟ್ಟ. ನೆಲವೆಲ್ಲ ಏರು ತಗ್ಗು, ದಿಬ್ಬ ದಿಣ್ಣೆ. ಜನ ಅದಕ್ಕೆ ಹಿಮಾಲಯ ಅಂತಲೇ ಹೆಸರಿಟ್ಟರು. ಅಲ್ಲಿ ಇವತ್ತಿಗೂ ಆಟ ನಡೆಯುತ್ತದೆ. ಗಂಡಸರು ದೂರ ಹೊಡೆಯುವ ಪೌರುಷದಲ್ಲಿ ಮುಳುಗಿದ್ದಾಗ ಹೆಂಗಸರು ಪಕ್ಕದಲ್ಲೇ ಇಳಿಜಾರು ಓದುವುದನ್ನು, ವೇಗ ಅಂದಾಜು ಮಾಡುವುದನ್ನು ರೂಢಿ ಮಾಡಿಕೊಂಡರು. ಕಟ್ಟುಪಾಡು ಹಾಕಿದವರು ಇದನ್ನು ಎಣಿಸಿರಲಾರರು.

ಆಮೇಲೆ ಬಂದವನು ವಿಲ್ಲಿ ಪಾರ್ಕ್ ಜೂನಿಯರ್. 1887 ಮತ್ತು 1889ರಲ್ಲಿ ಬ್ರಿಟಿಷ್ ಓಪನ್ ಪಂದ್ಯ ಗೆದ್ದ, ಸ್ಕಾಟ್ಲೆಂಡಿನ ಮಸಲ್‌ಬರೋದ ಆಟಗಾರ. ಪಟ್ಟಿಂಗ್ ಒಂದರ ಮೇಲೇ ಪುಸ್ತಕ ಬರೆದು 1920ರಲ್ಲಿ ಪ್ರಕಟಿಸಿದ. ಪಟ್ ಮಾಡಬಲ್ಲವನು ಯಾರ ಎದುರಿಗೂ ನಿಲ್ಲಬಲ್ಲ ಅನ್ನುವುದು ಅವನ ನಂಬಿಕೆ.

ಅಲ್ಲಿಂದಾಚೆಗೆ ಪಟ್ಟಿಂಗಿನ ಇತಿಹಾಸ ಎಂಜಿನಿಯರುಗಳ ಇತಿಹಾಸ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಆರ್ಥರ್ ನೈಟ್ 1902ರ ಸುಮಾರಿಗೆ ಕೋಲಿನ ದಂಡವನ್ನು ತಲೆಯ ನಡುವಿಗೇ ಜೋಡಿಸಿ ಹೊಸ ಪಟ್ಟರ್, ಅಂದರೆ ಪಟ್ಟಿಂಗಿನ ಕೋಲು, ಮಾಡಿದ. ತನ್ನ ಊರಿನ ಹೆಸರನ್ನೇ ಅದಕ್ಕಿಟ್ಟ: ಸ್ಕೆನೆಕ್ಟಡಿ. 1904ರಲ್ಲಿ ಅಮೆರಿಕದ ಆಟಗಾರ ವಾಲ್ಟರ್ ಟ್ರಾವಿಸ್ ಅದನ್ನು ಹಿಡಿದು ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಅಮೆಚೂರ್ ಪಂದ್ಯವನ್ನೇ ಗೆದ್ದುಬಿಟ್ಟ. ಟ್ರಾವಿಸ್ ಗಾಲ್ಫ್ ಕೋಲು ಹಿಡಿದದ್ದೇ ಮೂವತ್ತು ದಾಟಿದ ಮೇಲೆ. ಆತಿಥೇಯರಿಗೆ ಇದು ಸಹನೆಯಾಗಲಿಲ್ಲವೋ ಏನೋ, 1910ರಲ್ಲಿ ಆ ಬಗೆಯ ಪಟ್ಟರನ್ನು ನಿಷೇಧಿಸಿದರು. ನಿಷೇಧ ತೆರವಾಗಲು ನಾಲ್ಕು ದಶಕ ಹಿಡಿಯಿತು. ಇನ್ನೊಬ್ಬ ಕಾರ್ಸ್ಟನ್ ಸೊಲ್ಹೈಮ್. ಅವನೂ ಜನರಲ್ ಎಲೆಕ್ಟ್ರಿಕ್‌ನವನೇ. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದು ಪಟ್ಟರ್ ಮಾಡಿದ. ಭಾರವನ್ನೆಲ್ಲ ಎರಡು ತುದಿಗೆ ಹಂಚಿದ್ದರಿಂದ ಚೆಂಡು ಸ್ವಲ್ಪ ಆಚೀಚೆ ತಗುಲಿದರೂ ಪಟ್ಟರಿನ ಮುಖ ತಿರುಗುತ್ತಿರಲಿಲ್ಲ. ಚೆಂಡಿಗೆ ತಾಗಿದರೆ ‘ಪಿಂಗ್’ ಅಂತ ಸದ್ದು. ಕಂಪನಿಯ ಹೆಸರೂ ಅದೇ ಆಯಿತು.

ಇವೆಲ್ಲ ಆಡುವ ಸಾಧನಗಳು. ಅಳೆಯುವ ಸಾಧನ ಬಂದ ಕಥೆ ಬೇರೆ. 1935ರ ಯು.ಎಸ್. ಓಪನ್ ಪಂದ್ಯ ಓಕ್‌ಮಾಂಟ್ ಕ್ಲಬ್ಬಿನಲ್ಲಿ ನಡೆಯಿತು. ವೃತ್ತಿಪರ ಆಟಗಾರ ಜೀನ್ ಸಾರಾಜೆನ್ ಮಾಡಿದ ಪಟ್ ಗ್ರೀನಿನಿಂದ ಜಾರಿ ಆಚೆ ಹೋದದ್ದನ್ನು ಎಡ್ವರ್ಡ್ ಸ್ಟಿಂಪ್ಸನ್ ಅನ್ನುವ ಹವ್ಯಾಸಿ ಆಟಗಾರ ನೋಡಿದ. ಗ್ರೀನ್ ಅತಿ ವೇಗದ್ದು ಅಂತ ಎಲ್ಲರೂ ಗೊಣಗುತ್ತಿದ್ದರು. ಎಷ್ಟು ವೇಗ ಅಂತ ಹೇಳಲು ಮಾತ್ರ ಯಾರ ಬಳಿಯೂ ಏನೂ ಇರಲಿಲ್ಲ. ಸ್ಟಿಂಪ್ಸನ್ ಮರದ ಪಟ್ಟಿಯೊಂದಕ್ಕೆ ಕಾಲುವೆ ಕೊರೆದು, ಅದರಿಂದ ಚೆಂಡು ಇಳಿಬಿಟ್ಟು, ಎಷ್ಟು ಅಡಿ ಉರುಳಿತು ಅಂತ ಅಳೆದ. ಅಷ್ಟೇ ಉಪಕರಣ. ಅದು ಅಲ್ಯೂಮಿನಿಯಂ ರೂಪ ಪಡೆದು ಅಧಿಕೃತವಾಗಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. 36 ಇಂಚು ಉದ್ದದ ಪಟ್ಟಿ, ತುದಿಯಿಂದ 30 ಇಂಚಿನಲ್ಲಿ ಒಂದು ಕಚ್ಚು. ಪಟ್ಟಿಯನ್ನು ನಿಧಾನವಾಗಿ ಎತ್ತಿದರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿ ಕಚ್ಚು ಬಿಟ್ಟು ಇಳಿಯುತ್ತದೆ. 10 ಅಡಿ ಉರುಳಿದರೆ ಗ್ರೀನಿನ ವೇಗ 10.

ನಮ್ಮ ಕಡೆ ಆಗ ಗ್ರೀನ್ ಅನ್ನುವುದೇ ಎಷ್ಟೋ ಕಡೆ ಇರಲಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ನಮ್ಮ ಬಿಸಿಲಿಗೆ, ನೀರಿನ ಅಭಾವಕ್ಕೆ ನಯವಾದ ಹುಲ್ಲು ಬೆಳೆಸುವುದು ಸುಲಭವಲ್ಲ. ಒಣನಾಡಿನ ಅಂಕಣಗಳಲ್ಲಿ ಗುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹಾಸುತ್ತಿದ್ದರು. ಅದಕ್ಕೆ ಬ್ರೌನ್ ಅನ್ನುತ್ತಿದ್ದರು. ಪಟ್ ಮಾಡುವ ಮೊದಲು ಕ್ಯಾಡಿ ಬಂದು ಮರಳಿನ ಮೇಲೆ ಚಾಪೆಯನ್ನೋ ಗೋಣಿಯನ್ನೋ ಎಳೆದು ಹೆಜ್ಜೆ ಗುರುತು ಅಳಿಸಬೇಕು. ಅದರ ಮೇಲೆ ಚೆಂಡು ಉರುಳಿದರೆ ಸಣ್ಣದೊಂದು ಗೆರೆ ಬೀಳುತ್ತದೆ. ಕಲಿಯುವವನಿಗೆ ಅದು ವರವೇ ಸರಿ ಅನ್ನಿಸುತ್ತದೆ ನನಗೆ. ತಾನು ಎಲ್ಲಿ ತಪ್ಪಿದೆ ಅಂತ ನೆಲವೇ ಬರೆದು ತೋರಿಸುತ್ತದೆ. ಹುಲ್ಲು ಈ ಸಹಾಯ ಮಾಡುವುದಿಲ್ಲ.

ಮಾರುಕಟ್ಟೆಯಲ್ಲಿ ಇಂದು ಸಿಗುವ ನೂರಾರು ಸಾಧನಗಳನ್ನು ನೋಡಿದಾಗ ನನಗೆ ಕಾಣುವುದು ಇಷ್ಟು: ನಿಮ್ಮ ತಪ್ಪನ್ನು ತೋರಿಸುವ ಸಾಧನ ಒಳ್ಳೆಯದು, ನಿಮ್ಮ ಕೈಯನ್ನು ಹಿಡಿದು ತಿದ್ದುತ್ತೇನೆ ಅನ್ನುವುದು ದಂಡ. ಕೈಯನ್ನು ಕಂಬಿಯೊಳಗೆ ಸಿಕ್ಕಿಸಿ ನೇರ ಹೊಡೆಸುವ ಯಂತ್ರ ಬಿಟ್ಟ ಮರುಕ್ಷಣ ಕೈ ಹಳೆಯ ದಾರಿಗೇ ಹೋಗುತ್ತದೆ.

ಪಟ್ಟಿಂಗಿಗೆ ಸರಿಯಾದ ವೇಗ ಎಷ್ಟು ಅಂತ ಲೆಕ್ಕ ಹಾಕಿ ತೋರಿಸಿದವನು ಡೇವ್ ಪೆಲ್ಜ್. ನಾಸಾದ ಗೊಡಾರ್ಡ್ ಕೇಂದ್ರದಲ್ಲಿದ್ದ ಭೌತವಿಜ್ಞಾನಿ. ಕಾಲೇಜಿನಲ್ಲಿದ್ದಾಗ, ಮುಂದೆ ದೊಡ್ಡ ಆಟಗಾರನಾದ ಜ್ಯಾಕ್ ನಿಕ್ಲಾಸ್ ಎದುರು ಮತ್ತೆ ಮತ್ತೆ ಆಡಿ ಒಮ್ಮೆಯೂ ಗೆಲ್ಲಲಿಲ್ಲ. ಕೊನೆಗೆ 1970ರ ದಶಕದಲ್ಲಿ ನಾಸಾ ಕೆಲಸ ಬಿಟ್ಟು ಪಟ್ಟಿಂಗ್ ಸಂಶೋಧನೆಗೆ ಕೂತ. ಅವನು ಗಮನಿಸಿದ್ದು ಒಂದು ಸಣ್ಣ ವಿಷಯ. ಆಟಗಾರರೆಲ್ಲ ಗುಳಿಯ ಸುತ್ತ ಓಡಾಡುತ್ತಾರೆ, ಆದರೆ ಗುಳಿಯ ಅಂಚಿಗೆ ಯಾರೂ ಕಾಲಿಡುವುದಿಲ್ಲ. ದಿನದ ಕೊನೆಗೆ ಸುತ್ತಲ ಹುಲ್ಲು ತುಳಿದು ತಗ್ಗಾಗಿ, ಅಂಚು ಮಾತ್ರ ತುಸು ಉಬ್ಬಿ, ಇಡೀ ಜಾಗ ಉದ್ದಿನವಡೆಯ ಆಕಾರಕ್ಕೆ ಬಂದಿರುತ್ತದೆ. ತೆವಳಿಕೊಂಡು ಬಂದ ಚೆಂಡು ಆ ಉಬ್ಬಿಗೆ ಹೆದರಿ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ತಪ್ಪಿದರೆ 17 ಇಂಚು ಮುಂದೆ ಹೋಗಿ ನಿಲ್ಲುವ ವೇಗವೇ ಸರಿ ಅಂದ. ಅಭ್ಯಾಸ ಮಾಡುವವರು ಗುಳಿಯ ಹಿಂದೆ ಆ ದೂರದಲ್ಲಿ ಒಂದು ಕೋಲು ಅಡ್ಡ ಇಟ್ಟುಕೊಳ್ಳುವ ಪದ್ಧತಿ ಇದರಿಂದ ಬಂದದ್ದು. ಗುಳಿಗೆ ಬೀಳದ ಚೆಂಡು ಆ ಕೋಲಿಗೆ ಮುಟ್ಟಬಾರದು, ಗುಳಿಯ ಮುಂದೆಯೂ ನಿಲ್ಲಬಾರದು.

ದಿಕ್ಕಿನ ಅಭ್ಯಾಸಕ್ಕೆ ಇನ್ನೂ ಸರಳ ಉಪಾಯಗಳಿವೆ. ಟೈಗರ್ ವುಡ್ಸ್ ಮಾಡುವುದು ಪ್ರಸಿದ್ಧ. ನೆಲಕ್ಕೆ ಎರಡು ಟೀ, ಅಂದರೆ ಚೆಂಡು ಇಡುವ ಸಣ್ಣ ಮೊಳೆ, ಚುಚ್ಚಿ, ಪಟ್ಟರಿನ ತಲೆ ಮಾತ್ರ ನುಸುಳುವಷ್ಟು ಸಂದು ಬಿಟ್ಟು, ಅದರ ನಡುವೆ ಹೊಡೆಯುವುದು. ತಲೆ ಓರೆಯಾದರೆ ಟೀಗೆ ಬಡಿದು ಗೊತ್ತಾಗುತ್ತದೆ. ಇನ್ನೊಬ್ಬ ಆಟಗಾರ ಫಿಲ್ ಮಿಕಲ್ಸನ್ ಗುಳಿಯ ಸುತ್ತ ಮೂರಡಿ ದೂರದಲ್ಲಿ ಚೆಂಡುಗಳನ್ನು ವೃತ್ತವಾಗಿಟ್ಟು ಸತತ ನೂರು ಬೀಳಿಸುವ ತನಕ ಮನೆಗೆ ಹೋಗದವನು. ತೊಂಬತ್ತೆಂಟನೆಯದು ತಪ್ಪಿದರೆ ಮತ್ತೆ ಒಂದರಿಂದ. ಇನ್ನು ವೃತ್ತಿಪರರು ಬಳಸುವ ಗೆರೆಯ ದಾರ ನಮ್ಮ ಗಾರೆ ಮೇಸ್ತ್ರಿಯ ಚೀಲದಲ್ಲೇ ಇದೆ: ಬಣ್ಣದ ಪುಡಿಯಲ್ಲಿ ಅದ್ದಿದ ನೂಲನ್ನು ಎರಡು ಕಡೆ ಬಿಗಿಹಿಡಿದು ಚಟ್ಟನೆ ಬಿಟ್ಟರೆ ನೆಲದ ಮೇಲೆ ನೇರ ಗೆರೆ. ಅದರ ಮೇಲೆ ಚೆಂಡು ಉರುಳಿಸಬೇಕು.

ಯಾದವಗಿರಿಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಆ ಗೆರೆ ಹಾಕಿದರೆ ಮನೆಯವರು ಏನನ್ನುತ್ತಾರೋ ಹೇಳಲಾರೆ. ಅಂಥವರಿಗೆ ಸ್ಟೀಲ್ ಲೋಟ ಇದೆ. ಒಂದು ಚಿಕ್ಕ ಕಂಬಳಿ ಹಾಸಿ, ತುದಿಯಲ್ಲಿ ಲೋಟ ಮಲಗಿಸಿ, ಒಂದು ಮೀಟರ್ ದೂರದಿಂದ ಹೊಡೆಯಿರಿ. ಲೋಟದ ಬಾಯಿ ಏಳು ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಚೆಂಡಿನ ಅಗಲ ಸುಮಾರು 4.3 ಸೆಂಟಿಮೀಟರ್. ಅಂದರೆ ಚೆಂಡು ಅಂಚಿಗೆ ತಾಗದೆ ಒಳಗೆ ಹೋಗಬೇಕಾದರೆ ಒಂದೊಂದು ಬದಿಗೆ ಉಳಿಯುವ ಜಾಗ 1.4 ಸೆಂಟಿಮೀಟರಿಗಿಂತ ಕಡಿಮೆ. ಡಿಗ್ರಿಯ ಲೆಕ್ಕದಲ್ಲಿ ಇದು ಒಂದಕ್ಕಿಂತಲೂ ಕಡಿಮೆ, 0.8ರ ಆಸುಪಾಸು. ಅಷ್ಟು ನೇರ ಹೊರಟ ಚೆಂಡು ಸಮತಟ್ಟಾದ ಗ್ರೀನಿನ ಮೇಲೆ 12 ಅಡಿ ದೂರದ ಗುಳಿಗೂ ಬೀಳುತ್ತದೆ. ಹತ್ತು ಅಡಿಯಿಂದ ಬೀಳಿಸಲು ಇರುವ ಸಡಿಲ ಎರಡೂ ಕಡೆಗೆ ಒಂದೊಂದೇ ಡಿಗ್ರಿ ಅಂತ ಗೊತ್ತಾದ ಮೇಲೆ ಲೋಟದ ಬೆಲೆ ತಿಳಿಯುತ್ತದೆ. ಬಟ್ಟೆ ಅಂಗಡಿಯ ಕಬ್ಬಿಣದ ಮೀಟರ್ ಪಟ್ಟಿ ಸಿಕ್ಕರೆ ಇನ್ನೂ ವಾಸಿ. ಒಂದು ತುದಿಯಲ್ಲಿ ಚೆಂಡಿಟ್ಟು ಇನ್ನೊಂದು ತುದಿಯ ತನಕ ಕೆಳಗೆ ಬೀಳದಂತೆ ಉರುಳಿಸಿ ನೋಡಿ.

ಇಷ್ಟೆಲ್ಲ ಪಟ್ಟಿಂಗ್ ಪುರಾಣ ಹೇಳಿದ ಮೇಲೆ, ಅದಕ್ಕೆ ತಣ್ಣೀರು ಎರಚಿದವರ ಹೆಸರನ್ನೂ ಹೇಳಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ವೃತ್ತಿಪರರ ಪ್ರತಿ ಹೊಡೆತದ ಅಂಕಿಅಂಶ ಜೋಡಿಸಿ ಲೆಕ್ಕ ಹಾಕಿದರು. ಘಟಾನುಘಟಿ ವೃತ್ತಿಪರರೂ ಎಂಟು ಅಡಿಯಿಂದ ಎರಡಕ್ಕೆ ಒಂದು ಪಟ್ ತಪ್ಪುತ್ತಾರೆ. ಅಗ್ರಗಣ್ಯರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಪಟ್ಟಿಂಗಿನ ಪಾಲು ಸುಮಾರು ಶೇಕಡ 15 ಮಾತ್ರ. ಅರ್ಧ ಆಟ ಅನ್ನುವ ಮಾತು ಅಲ್ಲಿಗೆ ಮುಗಿಯಿತು ಅನ್ನಬೇಡಿ. ಒಂದು ಪಂದ್ಯ ಗೆದ್ದ ವಾರವನ್ನಷ್ಟೇ ತೆಗೆದುಕೊಂಡರೆ ಆ ಪಾಲು ಶೇಕಡ 35ಕ್ಕೆ ಏರುತ್ತದೆ.

ಒಂದೇ ವಾರದಲ್ಲಿ ಪಟ್ಟಿಂಗ್ ಎಷ್ಟು ಮೇಲಕ್ಕೆ ಒಯ್ಯಬಲ್ಲದು ಅನ್ನುವುದನ್ನು ನಾವು ಕಣ್ಣಾರೆ ಕಂಡದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೋ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ವಿಶ್ವ ರ್‍ಯಾಂಕಿಂಗಿನಲ್ಲಿ 200ನೆಯವರು, ಚೀಲ ಹೊತ್ತವರು ಅವರ ತಾಯಿ. ದೂರ ಹೊಡೆಯುವುದರಲ್ಲಿ ಅದಿತಿ ಎದುರಾಳಿಗಳಿಗಿಂತ ಬಹಳ ಹಿಂದೆ. ಅವರು ಸಣ್ಣ ಕೋಲು ಹಿಡಿಯುವ ಕಡೆ ಇವರು ಉದ್ದ ಕೋಲು ಹಿಡಿಯಬೇಕು. ಆ ಕೊರತೆಯನ್ನೆಲ್ಲ ಪಟ್ಟರ್ ತುಂಬಿಕೊಟ್ಟಿತು. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರು ಕೂಡ ಬೆಳಗಿನ ಕಾಫಿ ಆರಿಸಿಕೊಂಡು ಟಿವಿ ಮುಂದೆ ಕೂತಿದ್ದರು. ಕೊನೆಯ ಗ್ರೀನಿನಲ್ಲಿ ದೂರದ ಪಟ್ ಬೀಳಲಿಲ್ಲ. ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ. ಎರಡು ವರ್ಷದ ಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಬಂತು. ಅಲ್ಲಿನ ಭಾರತ ತಂಡದಲ್ಲಿ ಅದಿತಿಯ ಜೊತೆ ಅವನಿ ಪ್ರಶಾಂತ್ ಇದ್ದರು, ನಮ್ಮ ಮೈಸೂರಿನ ಪ್ರಣವಿ ಅರಸ್ ಇದ್ದರು. ಭುಜದಿಂದ ಮೇಲೆ ಕೋಲೆತ್ತಬಾರದು ಅಂತ ಹೆಂಗಸರನ್ನು ಪಟ್ಟಿಂಗಿಗೆ ಕಟ್ಟಿಹಾಕಿದವರ ಲೆಕ್ಕ ಹೀಗೆ ಉಲ್ಟಾ ಹೊಡೆಯಿತು.

ಲೋಟದ ಪ್ರಯೋಗ ಮಾಡುವ ಕೇಳುಗರಿಗೆ ಒಂದು ಮಾತು. ಎಷ್ಟು ಒಳಗೆ ಹೋಯಿತು ಅಂತ ಎಣಿಸುತ್ತ ಕೂರಬೇಡಿ. ತಪ್ಪಿದ್ದು ಎಡಕ್ಕೋ ಬಲಕ್ಕೋ ಅನ್ನುವುದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿ. ಎಲ್ಲವೂ ಒಂದೇ ಕಡೆಗೆ ಬಿದ್ದಿದ್ದರೆ ನಿಮ್ಮ ಪಟ್ಟರಿನ ಮುಖ ಓರೆ ಇದೆ, ನಿಂತ ಜಾಗ ತಿದ್ದಿಕೊಂಡರೆ ಸಾಕು. ಎರಡೂ ಕಡೆಗೆ ಸಮಸಮ ಬಿದ್ದಿದ್ದರೆ ಮಣಿಕಟ್ಟು ಅಲ್ಲಾಡುತ್ತಿದೆ. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕು.